ಮಾವ ಮನೆಗೆ ಬಂದರೆ ಮುಗಿಯಿತು

ನಮ್ಮ ಸೋದರಮಾವ ಬರುವುದು ಕಂಡರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಎಷ್ಟೋ ಮನೆಯವರು ಕದ ಹಾಕಿಕೊಂಡು ಒಳಗೆ ಉಸಿರು ಬಿಗಿಹಿಡಿದು ಕೂತದ್ದುಂಟು. ಹಾಗಂತ ಅವನೇನು ಪೊಲೀಸಿನವನಲ್ಲ, ಇನ್ಶೂರೆನ್ಸ್ ಏಜೆಂಟನಲ್ಲ, ಚುನಾವಣೆಗೆ ನಿಂತವನಂತೂ ಅಲ್ಲವೇ ಅಲ್ಲ. ದೇಶದ ಕಿರಿಯರ ಫುಟ್‌ಬಾಲ್ ತಂಡದ ಕೋಚು! ಟಿ.ವಿ.ಯಲ್ಲಿ ಮೈದಾನದ ಗೆರೆಯ ಆಚೆ, ಟ್ರ್ಯಾಕ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ನಾಟಿಗೆ ಇಳಿದವನ ಹಾಗೆ ಕೂಗಾಡುವ ಮನುಷ್ಯನನ್ನು ನೀವು ನೋಡಿದ್ದರೆ ಅವನೇ ನಮ್ಮ ಮಾವ. ಪ್ಯಾಂಟು ಯಾಕೆ ಮಡಚುತ್ತಾನೆ ಅಂತ ಕೇಳಬೇಡಿ. ಒಣ ಹುಲ್ಲಿನ ಮೇಲೂ ಮಡಚುತ್ತಾನೆ. ಹುಟ್ಟಿದ್ದು ಮದ್ದೂರಿನ ಹತ್ತಿರದ ಕೊಪ್ಪದ ಗದ್ದೆ ಬಯಲಿನಲ್ಲಿ, ಏನು ಮಾಡುವುದು?

ಅವನು ಫುಟ್‌ಬಾಲ್ ಆಟಗಾರನಾದದ್ದೇ ಒಂದು ತಮಾಷೆ. ಆಗ ಕೊಪ್ಪದಲ್ಲಿ ಆಟ ಅಂದರೆ ಕಬಡ್ಡಿ, ಚೆಂಡು ಅಂದರೆ ಕ್ರಿಕೆಟ್ಟಿನದು. ಶಾಲೆಯ ಮೂಲೆ ಕೋಣೆಯಲ್ಲಿ ಗಾಳಿ ಹೋಗಿ ಬಿದ್ದಿದ್ದ ದೊಡ್ಡ ಚೆಂಡೊಂದನ್ನು ಇವನು ಡ್ರಿಲ್ ಮೇಷ್ಟ್ರನ್ನು ಕಾಡಿಬೇಡಿ ತಂದ. ಸೈಕಲ್ ಶಾಪಿನಲ್ಲಿ ಗಾಳಿ ತುಂಬಿಸಿದ. ಚೆಂಡೇನೋ ಬಂತು, ಆಡುವುದೆಲ್ಲಿ? ಕಣ್ಣು ಹಾಯಿಸಿದಷ್ಟೂ ಭತ್ತ, ಅದು ಮುಗಿದರೆ ಕಬ್ಬು. ಉಳಿದದ್ದು ಎರಡು ಗದ್ದೆಗಳ ನಡುವಿನ ಬದು ಒಂದೇ. ಒಂದಡಿ ಅಗಲದ ಆ ಬದುವಿನ ಮೇಲೆ ಚೆಂಡನ್ನು ಕಾಲಲ್ಲಿ ತಟ್ಟಿಕೊಂಡು ಶಾಲೆಗೆ ಹೋಗುವುದೇ ಅವನ ಆಟವಾಯಿತು. ಎಡಕ್ಕೆ ಜಾರಿದರೆ ನಮ್ಮ ತಾತನ ಗದ್ದೆ, ಬಲಕ್ಕೆ ಜಾರಿದರೆ ಮಾವನ ದೊಡ್ಡಪ್ಪನ ಗದ್ದೆ. ತಾತ ಬರೀ ಬೈಯುತ್ತಿದ್ದ. ದೊಡ್ಡಪ್ಪ ಮಾತ್ರ ಪೈರಿನ ಒಂದು ತೆಂಡೆ ಮುರಿದರೂ ಕುಡುಗೋಲು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಅಟ್ಟಿಸಿಕೊಂಡು ಬರುತ್ತಿದ್ದ. ಹಾಗಾಗಿ ಮಾವನ ಚೆಂಡು ಅಪ್ಪಿತಪ್ಪಿಯೂ ಬಲಕ್ಕೆ ಹೋಗುತ್ತಿರಲಿಲ್ಲ.

ಮುಂದೆ ಅವನು ಬೆಂಗಳೂರು, ಕೋಲ್ಕತ್ತ ಎಂದು ದೊಡ್ಡ ಕ್ಲಬ್ಬುಗಳಿಗೆ ಆಡಿದಾಗ ಪತ್ರಿಕೆಯವರು ಅವನ ಕಾಲಿಗೆ ಅಂಟಿಕೊಂಡೇ ಓಡುವ ಚೆಂಡನ್ನು ಕಂಡು ಬೆರಗಾಗಿ, ಇದು ಲ್ಯಾಟಿನ್ ಅಮೆರಿಕದ ಶೈಲಿ ಎಂದು ಬರೆದರು. ನಮ್ಮಮ್ಮ, ಅಂದರೆ ಅವನ ಅಕ್ಕ, ಅದನ್ನು ಕತ್ತರಿಸಿಟ್ಟುಕೊಂಡು ಎಷ್ಟೋ ವರ್ಷದ ಮೇಲೆ ನನ್ನ ಕೈಲಿ ಓದಿಸಿ ಕೇಳಿದಳು.

"ಅಮೆರಿಕನೂ ಇಲ್ಲ ಗಿಮೆರಿಕನೂ ಇಲ್ಲ. ಅದು ನಮ್ ದೊಡ್ಡಪ್ಪನ ಕುಡ್ಲು ಕಣ್ಲಾ" ಎಂದಳು.

ಆಟ ಬಿಟ್ಟು ಕೋಚಾದ ಮೇಲಾದರೂ ಬದು ಬಿಟ್ಟನೇ? ಎಲ್ಲಿ ಬಂತು! ರಾಷ್ಟ್ರೀಯ ಶಿಬಿರದ ಹಸಿರು ಮೈದಾನದಲ್ಲಿ ಸುಣ್ಣದಿಂದ ಒಂದಡಿ ಅಗಲದ ಪಟ್ಟಿ ಎಳೆಸಿದ. ಮಣಿಪುರದ ಹುಡುಗರೂ ಗೋವಾದ ಹುಡುಗರೂ ಬೆಳಗೆದ್ದು "ಬದು, ಬದು" ಅನ್ನುತ್ತ ಅದರ ಮೇಲೆ ಚೆಂಡು ತಟ್ಟಬೇಕು. ಶಿಬಿರ ನೋಡಲು ಬಂದಿದ್ದ ವಿದೇಶಿ ತಜ್ಞನೊಬ್ಬ ಈ ಬದು ಅಂದರೆ ಏನು ಎಂದು ಕೇಳಿದ. ಬೇರೆಯವರಾಗಿದ್ದರೆ ಬಾಯಲ್ಲಿ ವಿವರಿಸಿ ಮುಗಿಸುತ್ತಿದ್ದರು. ಮಾವ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಕೊಪ್ಪಕ್ಕೇ ಕರೆತಂದ. ಬಿಳಿ ಬೂಟು ಹಾಕಿದ್ದ ಆ ಪುಣ್ಯಾತ್ಮ ಚೆಂಡಿನೊಂದಿಗೆ ಬದುವಿನ ಮೇಲೆ ಆರು ಹೆಜ್ಜೆ ಹಾಕಿದ. ಏಳನೆಯದಕ್ಕೆ ಬಲಕ್ಕೆ ಹೋದ, ಚೆಂಡಿನ ಸಮೇತ. ಎಂಬತ್ತು ದಾಟಿದ ದೊಡ್ಡಪ್ಪ ಪಂಪ್‌ಸೆಟ್ ಮನೆಯಿಂದ ಎದ್ದು ಬಂದ.

"ಯಾವನ್ಲಾ ಅವ್ನು, ನನ್ ಪೈರೊಳಗೆ?"

"ಫಾರಿನ್ನಿಂದ ಬಂದವ್ರೆ ದೊಡ್ಡಪ್ಪ."

"ಫಾರಿನ್ನಾದ್ರೇನು, ಪೈರು ನಂದಲ್ವಾ? ಎದ್ ಬರಕ್ಕೇಳು."

ತಜ್ಞ ಆಮೇಲೆ ತನ್ನ ವರದಿಯಲ್ಲಿ ಬದುವಿನ ಅಭ್ಯಾಸವನ್ನು ಬಹಳ ಹೊಗಳಿದನಂತೆ. ದೊಡ್ಡಪ್ಪನ ವಿಷಯ ಬರೆಯಲಿಲ್ಲ.

ಇರಲಿ, ಜನ ಕದ ಹಾಕಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಮಾವನದೊಂದು ಪದ್ಧತಿ. ತಂಡಕ್ಕೆ ಆಯ್ಕೆಯಾದ ಹುಡುಗನಿಗೆ ಫೋನ್ ಮಾಡುತ್ತಾನೆ. ಕೈಬಿಟ್ಟ ಹುಡುಗನ ಮನೆಗೆ ಖುದ್ದು ಹೋಗುತ್ತಾನೆ. ಲೋಕದಲ್ಲಿ ಎಲ್ಲರೂ ಒಳ್ಳೆಯ ಸುದ್ದಿ ಹೇಳಲು ಹೋಗಿ, ಕೆಟ್ಟದ್ದನ್ನು ಫೋನಿನಲ್ಲಿ ಮುಗಿಸಿದರೆ ಇವನದು ತಿರುವುಮುರುವು. ಹೋದವನು ನೇರವಾಗಿ ಹೇಳುತ್ತಾನೆಯೇ? ಅದೂ ಇಲ್ಲ. ಮೊದಲು ಊಟಕ್ಕೆ ಕೂರುತ್ತಾನೆ. ಅರ್ಧ ಮುದ್ದೆ ಮುಗಿದ ಮೇಲೆ, ಕೈ ತಟ್ಟೆಯಲ್ಲಿರುವಾಗಲೇ ಬಾಯಿ ಬಿಡುತ್ತಾನೆ. ತಟ್ಟೆಯ ಮುಂದೆ ಕೂತವನನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲವಲ್ಲ, ಅದರ ಧೈರ್ಯ. ಅವನು ರಾಜ್ಯದ ತಂಡ ನೋಡಿಕೊಳ್ಳುತ್ತಿದ್ದಾಗ ಪೂರಿಗಾಲಿಯ ಹುಡುಗನೊಬ್ಬನನ್ನು ಕೈಬಿಟ್ಟು ಹೀಗೇ ಹೋದ. ಆ ಮನೆಯವರಿಗೆ ಪದ್ಧತಿ ಗೊತ್ತಿರಲಿಲ್ಲ. ಕೋಚೇ ಮನೆ ಬಾಗಿಲಿಗೆ ಬಂದಿದ್ದಾರೆ ಅಂದರೆ ಮಗ ಗೆದ್ದ ಅಂದುಕೊಂಡು ನಾಟಿ ಕೋಳಿ ಕೊಯ್ದರು. ಸಡಗರ ನೋಡಿ ಮಾವನಿಗೆ ಬಾಯಿಯೇ ಬರಲಿಲ್ಲ. ಒಂದು ಮುದ್ದೆ ಆಯಿತು, ಎರಡಾಯಿತು. ಮೂರನೆಯದರ ನಡುವೆ ಹೇಗೋ ಹೇಳಿದ. ಹುಡುಗನ ಅಪ್ಪ, "ಇನ್ನೊಂದ್ ಪೀಸ್ ಆಕಿಸ್ಕೊಳಿ ಸಾ, ಕೋಳಿ ಅಂತೂ ಓಯ್ತು" ಅಂದನಂತೆ.

ಈ ಕಥೆ ಬಸ್ಸು ಬಸ್ಸಿನಲ್ಲಿ ಓಡಾಡಿ ಸುತ್ತಮುತ್ತಲಿನವರಿಗೆಲ್ಲ ಗೊತ್ತಾಯಿತು. ಆಮೇಲೆ ಆಯ್ಕೆಯ ದಿನಗಳಲ್ಲಿ ಮಾವನ ಬೈಕು ಬೀದಿಗೆ ತಿರುಗಿದರೆ ಸಾಕು, ಆಡುವ ಮಕ್ಕಳಿರುವ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ನಾವು ಮಳವಳ್ಳಿಯ ನಮ್ಮ ಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ನನ್ನ ಸರದಿ ಬಂತು.

ನನಗಾಗ ಹದಿನಾರು. ನಾನೂ ಫುಟ್‌ಬಾಲ್ ಆಡುತ್ತಿದ್ದೆ, ನಂಬಿ. ಬಲಗಾಲು ಪರವಾಗಿಲ್ಲ ಅನ್ನುವ ಹಾಗಿತ್ತು, ಎಡಗಾಲು ಬರೀ ನಿಲ್ಲುವುದಕ್ಕೆ. ಹೇಗೋ ರಾಷ್ಟ್ರೀಯ ಶಿಬಿರದ ಕೊನೆಯ ಸುತ್ತಿನವರೆಗೆ ಬಂದುಬಿಟ್ಟಿದ್ದೆ. ಗೆದ್ದವರು ವಿದೇಶಕ್ಕೆ ಆಡಲು ಹೊರಡುವುದಿತ್ತು. ದೇಶದ ತಂಡದ ಆ ನೀಲಿ ಅಂಗಿಯ ಹೊರತು ನನಗೆ ಜೀವನದಲ್ಲಿ ಬೇರೇನೂ ಬೇಕಿರಲಿಲ್ಲ. ಅಮ್ಮನಂತೂ ಚಿಕ್ಕಮ್ಮನ ಸೂಟ್‌ಕೇಸು ತರಿಸಿ ಒರೆಸಿಟ್ಟು, "ಕೋಚು ಅವ್ನ ಸ್ವಂತ ಮಾವ ಕಣಮ್ಮ, ಕೇಳ್ಬೇಕಾ?" ಎಂದು ಬೀದಿಗೆಲ್ಲ ಹೇಳಿಯಾಗಿತ್ತು. ಅವಳ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಮಾವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಶಿಬಿರ ಮುಗಿಸಿ ಬಂದ ಮೇಲೆ ಎರಡು ದಿನ ನಾನೂ ಅವಳೂ ಫೋನಿನ ಎದುರೇ ಕೂತಿದ್ದೆವು.

ಮೂರನೆಯ ದಿನ ಮಧ್ಯಾಹ್ನ ಕಿಟಕಿಯಲ್ಲಿ ನೋಡುತ್ತೇನೆ, ಮಾವ ಬೈಕು ನಿಲ್ಲಿಸುತ್ತಿದ್ದಾನೆ. ಮಾವ ಬಂದ ಎಂದು ಕೂಗಿಕೊಂಡೆ. ಅಮ್ಮ ಅಡುಗೆಮನೆಯಿಂದ ಓಡಿಬಂದು ದಡಕ್ಕನೆ ಚಿಲಕ ಹಾಕಿದಳು.

"ನೀನ್ ಒಳಕ್ ಬರ್ಬ್ಯಾಡ ಕಣ್ಲಾ" ಎಂದಳು ಒಳಗಿನಿಂದಲೇ. "ವಾಪಸ್ ಓಗಿ ಫೋನ್ ಮಾಡು."

"ಅಕ್ಕ, ಕದ ತಗಿ."

"ತಗಿಯಾಕಿಲ್ಲ. ಫೋನ್ ಮಾಡು ಅಂದೆ."

ಮಾವ ವಾಪಸ್ಸು ಹೋಗಲಿಲ್ಲ, ಫೋನೂ ಮಾಡಲಿಲ್ಲ. ಜಗಲಿಯ ಮೇಲೆ ಕೂತ. ಕಾಲು ಗಂಟೆ ಕಳೆಯಿತು. ಅಮ್ಮ ಒಲೆಯ ಮುಂದೆ ಹೋದಳು, ಬಾಗಿಲ ಬಳಿ ಬಂದಳು, ಮತ್ತೆ ಹೋದಳು. ಸಾಕಿದ ತಮ್ಮ ಊಟದ ಹೊತ್ತಿನಲ್ಲಿ ಹೊರಗೆ ಕೂತಿದ್ದರೆ ಯಾವ ಅಕ್ಕನಿಗೆ ಕೈ ಓಡೀತು? ಕಡೆಗೆ ಅವಳೇ ಚಿಲಕ ತೆಗೆದು, ಅವನನ್ನು ಒಳಗೆ ಕೂರಿಸಿ, ಮುದ್ದೆಯೂ ಉಪ್ಸಾರೂ ಬಡಿಸಿ ತಟ್ಟೆಯನ್ನು ಅವನ ಮುಂದಿಟ್ಟಳು.

ಪೂರಿಗಾಲಿಯಲ್ಲಿ ಮೂರು ಮುದ್ದೆ ಉಂಡಿದ್ದ ಮನುಷ್ಯ ತಟ್ಟೆಗೆ ಕೈ ಹಾಕಲಿಲ್ಲ.

"ಅಕ್ಕ, ಇವನ್ನ ಬುಟ್ಟಿದೀನಿ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ನೀನು ಚೆಂದಾಗೇ ಆಡ್ದೆ ಕಣ್ಲಾ. ಇನ್ನೊಬ್ಬ ಹುಡುಗ ನಿಂಗಿಂತ ಚೆಂದಾಗಾಡ್ದ. ಎಲ್ಡು ಕಾಲೂ ಆಡ್ತವೆ ಅವನ್ವು."

ಅದು ನಿಜ ಎಂದು ನನಗೆ ಗೊತ್ತಿತ್ತು. ಆದರೂ ಅಳು ಬಂತು, ಗೋಡೆ ಕಡೆ ತಿರುಗಿ ನಿಂತೆ.

"ಇದನ್ನ ಯೋಳಕ್ಕೆ ಇಲ್ಲಿಗಂಟ ಬರ್ಬೇಕಿತ್ತಾ?" ಎಂದಳು ಅಮ್ಮ. "ಫೋನಲ್ಲೇ ಯೋಳಿದ್ರೆ ನೀನ್ ನಮ್ ಮಕ ನೋಡೋದಾದ್ರೂ ತಪ್ತಿತ್ತು."

ಮಾವ ತಟ್ಟೆಯನ್ನು ತುಸು ಆಚೆ ಸರಿಸಿದ.

"ನಂಗೆ ಯಾರೂ ಬಂದು ಯೋಳ್ನಿಲ್ಲ ಕಣಕ್ಕ. ಬೆಂಗ್ಳೂರ್ ಕ್ಯಾಂಪಿಗೆ ಮೊದಲ್ನೇ ಸಲ ಓಗಿದ್ನಲ್ಲ, ಆವತ್ತು ಗೋಡೆ ಮ್ಯಾಲೆ ಒಂದು ಚೀಟಿ ಅಂಟ್ಸಿದ್ರು. ನಾಕ್ ಸಲ ಓದ್ದೆ. ನನ್ನೆಸ್ರು ಇರ್ನಿಲ್ಲ. ಬಸ್ ಅತ್ತಿ ಬಂದ್ಬುಟ್ಟೆ."

"ಸೆಲೆಕ್ಸನ್ನು ಮುಂದಕ್ಕೋಯ್ತು ಅಂದಿದ್ದೆ ನನ್ತಾವ."

"ಸುಳ್ಳು ಯೋಳಿದ್ದೆ."

ಅಮ್ಮನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೆಲ್ಲಗೆ ಅವನ ಪಕ್ಕ ಕೂತಳು.

"ಆವತ್ತು ಉಂಡಿದ್ಯೇನ್ಲಾ?" ಎಂದು ಕೇಳಿದಳು.

ಮೂವತ್ತು ವರ್ಷದ ಹಿಂದಿನ ಊಟ. ಮಾವ ಇಲ್ಲ ಎಂದು ತಲೆಯಾಡಿಸಿದ. ಅಮ್ಮ ಅವನ ತಟ್ಟೆಗೆ ತಾನೇ ಕೈ ಹಾಕಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಯ ಹತ್ತಿರ ಹಿಡಿದಳು. ರಾಷ್ಟ್ರೀಯ ತಂಡದ ಕೋಚು ಕಣ್ಣು ಒರೆಸಿಕೊಳ್ಳುತ್ತ ಬಾಯಿ ತೆರೆದ. ಅವನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂದು ಅದೇ ಮೊದಲು ನನಗೆ ಗೊತ್ತಾದದ್ದು. ನಾನೂ ಒಂದು ತಟ್ಟೆ ತಂದು ಅವನ ಇನ್ನೊಂದು ಪಕ್ಕದಲ್ಲಿ ಕೂತೆ.