ಮಾವನವರ ಕಳ್ಳಸಾಗಣೆ

ನಮ್ಮ ಮಾವನವರು ಕಳ್ಳಸಾಗಣೆ ಮಾಡುತ್ತಾರೆ. ಗಾಬರಿಯಾಗಬೇಡಿ! ನಾವು ಗೋವಾದಲ್ಲಿರುವವರು ಅಂದ ಕೂಡಲೇ ಬಾಟಲಿಯೇ ಇರಬೇಕು ಅಂತ ನಿಮ್ಮ ಕಣ್ಣು ಮಿನುಗಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬಾಟಲಿಯಲ್ಲ, ಬಂಗಾರವೂ ಅಲ್ಲ. ಮಾವನವರು ಸಾಗಿಸುವುದು ಮೀನು. ಅದೂ ಎಷ್ಟು ದೂರ? ಮ್ಹಾಪಸಾ ಪೇಟೆಯಿಂದ ನಮ್ಮ ಮನೆಯ ಹಿತ್ತಲಿನವರೆಗೆ. ಸ್ಕೂಟರಿನಲ್ಲಿ ಏಳು ನಿಮಿಷದ ದಾರಿ. ಆ ಏಳು ನಿಮಿಷದಲ್ಲಿ ಅವರು ಬೆವರುವಷ್ಟು ಗಡಿ ದಾಟುವ ಲಾರಿ ಡ್ರೈವರ್ ಕೂಡ ಬೆವರಲಿಕ್ಕಿಲ್ಲ. ಏಕೆಂದರೆ ನಮ್ಮ ಚೆಕ್‌ಪೋಸ್ಟಿನಲ್ಲಿ ಕೂತಿರುವವರು ಅತ್ತೆಯವರು!

ಮಾವನವರನ್ನು ಪರಿಚಯಿಸುತ್ತೇನೆ, ಅವರು ಒಂದು ಕಡೆ ನಿಂತರೆ. ಬೆಳಗಾವಿಯಿಂದ ಬಂದು ಇಲ್ಲಿ ಸೀರೆ, ರವಿಕೆಯ ಖಣಗಳ ಅಂಗಡಿ ಹಾಕಿದವರು. ಈಗ ಅಂಗಡಿ ನನ್ನ ಗಂಡನ ಕೈಯಲ್ಲಿದೆ. ಮಾವನವರಿಗೆ ಕೆಲಸವಿಲ್ಲ, ಕೂತು ಗೊತ್ತೂ ಇಲ್ಲ. ಪೇಪರನ್ನು ನಿಂತೇ ಓದುತ್ತಾರೆ. ಚಹಾ ಕೊಟ್ಟರೆ ಎರಡು ಗುಟುಕು ಕುಡಿದು, "ಬಂದ್ನಿ, ಒಂದ ನಿಮಿಷ" ಅನ್ನುತ್ತಾರೆ. ಆ ಒಂದು ನಿಮಿಷ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಅಷ್ಟರಲ್ಲಿ ಅವರು ಅಂಗಡಿಗೆ ಹೋಗಿ ನನ್ನ ಗಂಡ ಮಡಚಿದ ಸೀರೆಗಳನ್ನು ಬಿಚ್ಚಿ ಮತ್ತೆ ಮಡಚಿರುತ್ತಾರೆ, ಬಸ್ ಸ್ಟ್ಯಾಂಡಿಗೂ ಹೋಗಿ ಬಂದಿರುತ್ತಾರೆ.

"ಬೆಳಗಾವಿ ಬಸ್ಸು ಬಂತೇನಂತ ನೋಡಿ ಬಂದ್ನಿ."

"ಯಾರ ಬರೋರದಾರ?" ಅತ್ತೆಯವರು ಕೇಳುತ್ತಾರೆ.

"ಯಾರೂ ಇಲ್ಲ."

ಅತ್ತೆಯವರು ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಇವರ ಕಾಲಿಗೆ ಗಾಲಿ ಹಚ್ಚಿ ಕಳಿಸ್ಯಾನ ನೋಡವ್ವಾ ದೇವ್ರು!"

ಕಳೆದ ಮಳೆಗಾಲದಲ್ಲಿ ಅಂಗಡಿಯ ಸೀರೆಯ ಗಂಟಿನ ಹಿಂದೆ ಒಂದು ಹಳದಿ ಬೆಕ್ಕಿನ ಮರಿ ಸಿಕ್ಕಿತು. ಸಿಕ್ಕಿದ್ದೇ ತಡ, ಹೋಗಿ ನನ್ನ ಗಂಡನ ಗಾದಿಯ ಮೇಲೆ ಕೂತು ಗಿರಾಕಿಗಳನ್ನು ನೋಡತೊಡಗಿತು. ಮಾವನವರು ಅಲ್ಲಿಯೇ 'ಸಾವಕಾರ' ಎಂದು ನಾಮಕರಣ ಮಾಡಿ ಮನೆಗೆ ತಂದರು. ಅತ್ತೆಯವರು ದಿನಾ ಇಷ್ಟಲಿಂಗ ಪೂಜೆ ಮಾಡಿಯೇ ನೀರು ಮುಟ್ಟುವವರು. ಮನೆಯೊಳಗೆ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಬಾಗಿಲಲ್ಲೇ ಷರತ್ತು ಹಾಕಿದರು.

"ಇರ್ಲಿ. ಆದ್ರ ನಾವು ಉಣ್ಣೋದನ್ನ ಉಣ್ಣಬೇಕು. ಮನಿಗೆ ಮೀನು ಬಂದ ದಿನ ಬೆಕ್ಕು ಹೊರಗ. ಮಾತು ಕೊಡ್ರಿ."

ಮಾವನವರು ಮಾತು ಕೊಟ್ಟರು. ನಿಂತುಕೊಂಡೇ.

ಹೀಗೆ ಗೋವಾದ ಏಕೈಕ ಸಸ್ಯಾಹಾರಿ ಬೆಕ್ಕು ನಮ್ಮ ಮನೆಯಲ್ಲಿ ಬೆಳೆಯತೊಡಗಿತು! ಬೆಳಿಗ್ಗೆ ಜೋಳದ ರೊಟ್ಟಿ, ಹಾಲು. ಮಧ್ಯಾಹ್ನ ರೊಟ್ಟಿ, ಮೊಸರು. ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಉದುರಿಸಿದ ದಿನ ಅದು ತಟ್ಟೆಯನ್ನು ನೋಡಿತು, ನನ್ನನ್ನು ನೋಡಿತು, ಗೋಡೆಯ ಕಡೆ ತಿರುಗಿ ಕೂತಿತು. ಪಕ್ಕದ ಮನೆಯಲ್ಲಿ ಮೀನು ಹುರಿಯುವ ವಾಸನೆ ಬಂದಾಗ ಅದು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ ರೀತಿ ನೋಡಿದರೆ ಕಲ್ಲೂ ಕರಗಬೇಕು. ಅತ್ತೆಯವರು ಕರಗಲಿಲ್ಲ. ಮಾವನವರು ಪೇಟೆಯಿಂದ ಬೆಕ್ಕಿನ ಆಹಾರದ ಪಾಕೀಟು ತಂದರು. ಅದರ ಮೇಲೆ ಮೀನಿನ ಚಿತ್ರವಿತ್ತು. ಪಾಕೀಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಮೂರು ತಿಂಗಳಲ್ಲಿ ಸಾವಕಾರನ ಕೂದಲು ಉದುರತೊಡಗಿತು. ನಡೆಯುವಾಗ ಕುರ್ಚಿಗೆ ಡಿಕ್ಕಿ ಹೊಡೆಯತೊಡಗಿದ. ಮಾವನವರೂ ನಾನೂ ಅವನನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಬಳಿ ಓಡಿದೆವು. "ತಿನ್ನಲು ಏನು ಕೊಡುತ್ತೀರಿ?" ಎಂದು ಡಾಕ್ಟರು ಕೇಳಿದರು.

ಮಾವನವರು ಹೆಮ್ಮೆಯಿಂದ ಹೇಳಿದರು: "ರೊಟ್ಟಿ, ಹಾಲು, ಮೊಸರು. ಹಬ್ಬಕ್ಕ ಹೋಳಿಗಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೀನೋ ಮಾಂಸವೋ ಸಿಗದಿದ್ದರೆ ಇದರ ಕಣ್ಣು ಪೂರ್ತಿ ಹೋಗುತ್ತದೆ, ಆಮೇಲೆ ಜೀವವೂ ಉಳಿಯುವುದಿಲ್ಲ ಎಂದರು. ವಾಪಸು ಬರುವಾಗ ಮಾವನವರು ಮನೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, "ನಿಮ್ಮ ಅತ್ತಿ ಮುಂದ ಹೇಳಬ್ಯಾಡ" ಅಂದರು. ಕಳ್ಳಸಾಗಣೆ ಶುರುವಾಗಿದ್ದು ಹೀಗೆ.

ಮೊದಲ ದಿನ ಮೀನು ಮಾರುವವಳ ಎದುರು ಅವರು ಬೆನ್ನು ತಿರುಗಿಸಿ ನಿಂತು, ಕೈಯನ್ನು ಹಿಂದಕ್ಕೆ ಚಾಚಿ, ಬೆರಳಿನಿಂದ ಅಂದಾಜಿಗೆ ತೋರಿಸಿದರಂತೆ. "ಪಾತ್ರಾಂವ್, ಹಾಂಗಾ ಪಳಯ್ ರೇ!" ಇತ್ತ ನೋಡಿ ಯಜಮಾನರೇ, ಎಂದು ಅವಳು ಕೂಗಿದ್ದಕ್ಕೆ ಇಡೀ ಮೀನು ಮಾರ್ಕೆಟ್ಟು ಇವರನ್ನು ನೋಡಿತಂತೆ. ಖಣದ ಅಂಗಡಿಯ ಸಾಹೇಬರು ಮೀನು ತಿನ್ನಲು ಕಲಿತರು ಎಂಬ ಸುದ್ದಿ ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟಿತ್ತು.

ನಾನು ಗುಂಪಿನ ಕಾವಲುಗಾರ್ತಿ. ಅತ್ತೆಯವರು ಪೂಜೆಗೆ ಕೂತರೆ ಬಾಲ್ಕನಿಗೆ ಹಳದಿ ಟವೆಲ್ ಹಾಕಬೇಕು. ಟವೆಲ್ ಕಂಡರೆ ಮಾವನವರು ನೀರಿನ ಟಾಕಿಯ ಹಿಂದೆ ಸಾವಕಾರನಿಗೆ ಊಟ ಬಡಿಸುತ್ತಿದ್ದರು. ಮನೆಯೊಳಗೆ ವಾಸನೆ ಬರಬಾರದೆಂದು ಊದುಬತ್ತಿ ಹಚ್ಚತೊಡಗಿದರು. ಮೊದಲು ಎರಡು, ಆಮೇಲೆ ಎಂಟು, ಜೊತೆಗೆ ಲೋಬಾನದ ಹೊಗೆ. "ವಯಸ್ಸಾದ ಮ್ಯಾಲೆ ಇವರಿಗೆ ಭಕ್ತಿ ಭಾಳ ಹೆಚ್ಚಾಗೇತಿ" ಎಂದು ಅತ್ತೆಯವರು ನೆಂಟರಿಗೆಲ್ಲ ಫೋನು ಮಾಡಿ ಹೇಳಿದರು. ನನಗೆ ಪ್ರತಿ ಗಳಿಗೆಯೂ ಎದೆ ಡವಡವ. ಸಿಕ್ಕಿಬಿದ್ದರೆ ಸಾವಕಾರ ಹೊರಗೆ, ಸಿಗದಿದ್ದರೆ ಮರುದಿನ ಮತ್ತೆ ಅದೇ ಡವಡವ!

ಮೀನು ಬಚ್ಚಿಟ್ಟು ತರುತ್ತಿದ್ದ ಸ್ಕೂಟರಿನ ಡಿಕ್ಕಿಯದು ಬೇರೆಯೇ ಕಥೆ. ಎಲ್ಲಿ ನಿಲ್ಲಿಸಿದರೂ ಸುತ್ತ ನಾಲ್ಕೈದು ಬೀದಿಬೆಕ್ಕುಗಳು ಬಂದು ಕೂರುತ್ತಿದ್ದವು.

"ನಿಮ್ಮ ಗಾಡಿ ಸುತ್ತ ಇಷ್ಟೊಂದು ಬೆಕ್ಕು ಯಾಕ ಕುಂತಾವ್ರೀ?" ಅತ್ತೆಯವರು ಕೇಳಿದರು.

"ಎಂಜಿನ್ನು ಬೆಚ್ಚಗ ಇರತೈತಿ, ಅದಕ್ಕ."

ಏನೇ ಆಗಲಿ, ಸಾವಕಾರ ಮೈ ತುಂಬಿಕೊಂಡ. ಕಣ್ಣು ಮೊದಲಿನಂತೆ ಹೊಳೆಯಿತು. ಹೊಟ್ಟೆ ತುಂಬಿದ ಮೇಲೆ ಮಾವನವರ ಹಿಂದೆಯೇ ಒಳಗೆ ಬಂದು, ಅವರು ದಿವಾನದ ಮೇಲೆ ಚಪ್ಪಲಿ ಬಿಚ್ಚಲು ಕೂತಾಗ ತೊಡೆಯೇರಿ ಮಲಗಿಬಿಡುತ್ತಿದ್ದ. ಆಗ ನೋಡಬೇಕು ಮಾವನವರನ್ನು! ಫೋನು ಬಂದರೂ ಏಳುವುದಿಲ್ಲ, ಗೇಟು ಬಡಿದರೂ ಏಳುವುದಿಲ್ಲ. "ಮಲಗೇತಿ" ಅಂತ ಕಣ್ಣಲ್ಲೇ ಹೇಳುತ್ತಾರೆ. ನಾನು ನಕ್ಕು ಒಳಗೆ ಹೋಗುತ್ತಿದ್ದೆ.

ಈ ಮಳೆಗಾಲ ಬಂತು. ದೋಣಿಗಳು ಕಡಲಿಗಿಳಿಯುವುದಿಲ್ಲ, ಹಸಿ ಮೀನು ಸಿಗುವುದು ಕಷ್ಟ. ಮಾವನವರು ಶುಕ್ರವಾರದ ಸಂತೆಯಲ್ಲಿ ಒಣ ಸಿಗಡಿ ಕೊಂಡರು. ಪೊಟ್ಟಣ ಯಾರ ಕಣ್ಣಿಗೂ ಬೀಳಬಾರದಲ್ಲ? ಬುದ್ಧಿ ಓಡಿಸಿ, ನಮ್ಮ ಅಂಗಡಿಯ ಗುಲಾಬಿ ಕಾಗದದಲ್ಲಿ ಸುತ್ತಿ, ಒಳಗೆ ನಾಲ್ಕು ಕರ್ಪೂರ ಹಾಕಿ ದಾರ ಕಟ್ಟಿದರು. ಥೇಟ್ ಖಣದ ಪೊಟ್ಟಣ.

ಅದೇ ದಿನ ಧಾರವಾಡದಿಂದ ಬಂದಿದ್ದ ಬೀಗತಿ, ಅಂದರೆ ನನ್ನ ನಾದಿನಿಯ ಅತ್ತೆ, ಊರಿಗೆ ಹೊರಟಿದ್ದರು. ಉಡಿ ತುಂಬದೆ ಕಳಿಸುವುದುಂಟೇ? ಅಂಗಡಿಯಿಂದ ಒಳ್ಳೆಯ ಖಣ ತರಲು ಅತ್ತೆಯವರು ಮಾವನವರಿಗೆ ಹೇಳಿದ್ದರು. ಮಾವನವರು ತಂದರು, ಕಪಾಟಿನ ಮೇಲೆ ಇಟ್ಟರು, "ಒಂದ ನಿಮಿಷ" ಅಂತ ಬಸ್ಸು ನೋಡಲು ಹೋದರು. ಎರಡು ಪೊಟ್ಟಣಗಳಲ್ಲಿ ಯಾವುದನ್ನು ಇಟ್ಟರು, ಯಾವುದು ಡಿಕ್ಕಿಯಲ್ಲಿ ಉಳಿಯಿತು ಎಂದು ನೋಡಲು ನಿಲ್ಲಬೇಕಲ್ಲ!

ಬೀಗತಿ ಮಣೆಯ ಮೇಲೆ ಕೂತು ಸೆರಗು ಚಾಚಿದರು. ಅತ್ತೆಯವರು ಐದು ಹಿಡಿ ಅಕ್ಕಿ ಹಾಕಿದರು, ತೆಂಗಿನಕಾಯಿ, ಎಲೆ, ಅಡಿಕೆ, ಅರಿಶಿನದ ಕೊಂಬು ಇಟ್ಟರು. ಮೇಲೆ ಗುಲಾಬಿ ಪೊಟ್ಟಣ. ಅಪರಿಚಿತರನ್ನು ಕಂಡರೆ ಅಟ್ಟ ಹತ್ತುವ ಸಾವಕಾರ ಎಲ್ಲಿಂದಲೋ ಬಂದು ಸೀದಾ ಬೀಗತಿಯ ಉಡಿಯೊಳಗೇ ಹತ್ತಿ ಕೂತ.

"ನೋಡ್ರಿ, ನನಗ ಎಷ್ಟು ಹಚ್ಕೊಂಡೈತಿ!" ಬೀಗತಿ ಹಿಗ್ಗಿದರು.

ಅಷ್ಟರಲ್ಲಿ ಸಾವಕಾರ ಕಾಗದ ಹರಿದ. ಅಕ್ಕಿಯ ಮೇಲೆಲ್ಲ ಒಣ ಸಿಗಡಿ!

ಬಾಗಿಲಲ್ಲಿ ಮಾವನವರು. "ಬಸ್ಸು ಬಂತು" ಎನ್ನಲು ತೆರೆದ ಬಾಯಿ ತೆರೆದೇ ಇತ್ತು. ನಾನು ನೆಲ ನೋಡಿದೆ. "ಏನ್ರೀ ಇದು?" ಅಂದರು ಬೀಗತಿ, ಯಾರನ್ನು ಕೇಳಬೇಕೆಂದು ತಿಳಿಯದೆ.

"ನಾನ ತಂದಿದ್ದು," ಎಂದರು ಮಾವನವರು. "ಬೆಕ್ಕಿಗೆ."

ಬೀಗತಿ ಮತ್ತೊಮ್ಮೆ ಸ್ನಾನ ಮಾಡಿದರು. ಅತ್ತೆಯವರು ಡಿಕ್ಕಿಯಿಂದ ನಿಜವಾದ ಖಣ ತರಿಸಿ, ಹೊಸ ಅಕ್ಕಿಯಿಂದ ಮತ್ತೆ ಉಡಿ ತುಂಬಿ, ಮುಂದಿನ ಬಸ್ಸಿಗೆ ಕಳಿಸಿದರು. ಅಲ್ಲಿಯವರೆಗೆ ಮಾವನವರ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಅತ್ತೆಯವರು ಬಂದು ದಿವಾನದ ಮೇಲೆ ಕೂತರು. ಮಾವನವರು ಡಾಕ್ಟರ ಬಳಿ ಒಯ್ದಿದ್ದ ಅದೇ ಬುಟ್ಟಿಯನ್ನು ಹಿಡಿದು ಕೋಣೆಯಲ್ಲಿ ಮೂರು ಸುತ್ತು ಹಾಕಿದರು. "ನಿನಗ ಮಾತು ಕೊಟ್ಟಿದ್ನಿ, ತಪ್ಪೇನಿ. ಪಕ್ಕದ ಮನಿಯವ್ರು ಇಟ್ಕೋತೇವಿ ಅಂದಾರ. ಈಗ ಬಿಟ್ಟು ಬರ್ತೇನಿ." ನನಗೆ ಅಳು ಬಂದಿತ್ತು.

"ಮೊದ್ಲ ಕೂಡ್ರಿ," ಎಂದರು ಅತ್ತೆಯವರು.

ಮಾವನವರು ಅಂಚಿನಲ್ಲಿ ಕೂತರು. ಸಿಗಡಿ ತಿಂದು ಹೊಟ್ಟೆ ಬಿರಿದಿದ್ದ ಸಾವಕಾರ ಬಂದು, ಅವರ ತೊಡೆಯೇರಿ, ಎರಡು ಸುತ್ತು ಸುತ್ತಿ ಮಲಗಿದ. ಬುಟ್ಟಿ ನೆಲಕ್ಕಿಳಿಯಿತು.

"ಚಾ ಮಾಡವ್ವಾ," ಎಂದರು ಅತ್ತೆಯವರು ನನಗೆ. "ಎರಡು ಕಪ್ಪು."

ನಾನು ಚಹಾ ತರುವಾಗ ಅತ್ತೆಯವರು ಬೆಕ್ಕಿನ ಕಡೆ ನೋಡುತ್ತಾ ಮಾತಾಡುತ್ತಿದ್ದರು. "ಇಷ್ಟ ತಿಂಗಳಾತು. ನನಗೇನು ಮೂಗಿಲ್ಲೇನು? ಎಂಟ ಊದುಬತ್ತಿ ಹಚ್ಚಿದ್ರ ಮೀನು ಮಲ್ಲಿಗಿ ಆಗತೈತೇನು?"

"ಮತ್ತ ಯಾಕ ಏನೂ ಅನ್ನಲಿಲ್ಲ?" ಎಂದರು ಮಾವನವರು.

ಅತ್ತೆಯವರು ಬುಟ್ಟಿಯನ್ನು ಕಾಲಿನಿಂದ ದಿವಾನದ ಕೆಳಗೆ ಸರಿಸಿದರು. "ಮದಿವ್ಯಾಗಿ ಬಂದು ಮೂವತ್ತೆಂಟು ವರ್ಷಾತ್ರಿ. ನನ್ನ ಮಗ್ಗಲಕ್ಕ ಕುಂತು ನೀವು ಒಂದು ಕಪ್ ಚಾ ಪೂರ್ತಿ ಕುಡದದ್ದು ಈ ಬೆಕ್ಕು ತೊಡಿ ಮ್ಯಾಲ ಮಲಗಾಕ ಹತ್ತಿದ ಮ್ಯಾಲೆನ. ಅದನ್ನ ಕಳಿಸಿ ನಾ ಮತ್ತ ಒಬ್ಬಾಕಿನ ಕೂಡ್ಲೇನು?"

ನನ್ನ ಕೈಯಲ್ಲಿ ಟ್ರೇ ಹಾಗೇ ನಿಂತಿತು. ಏಳು ವರ್ಷದಿಂದ ಈ ಮನೆಯ ಕಪ್ಪು ತೊಳೆದವಳು ನಾನು. ಮಾವನವರ ಕಪ್ಪಿನಲ್ಲಿ ಅರ್ಧ ಉಳಿದ ಚಹಾ ಚೆಲ್ಲುತ್ತಾ ಎಷ್ಟು ನಗೆಯಾಡಿದ್ದೆ! ಪಕ್ಕದಲ್ಲೇ ಇರುತ್ತಿದ್ದ ಇನ್ನೊಂದು ಕಪ್ಪನ್ನು ಅತ್ತೆಯವರು ಯಾರ ಜೊತೆ ಕುಡಿಯುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಾವನವರು ಕಪ್ಪು ತೆಗೆದುಕೊಂಡರು, ನಿಧಾನವಾಗಿ ಪೂರ್ತಿ ಕುಡಿದರು. ಹೊರಗೆ ಮಳೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹಾಕಿತು. ಅವರ ತಲೆ ಆ ಕಡೆ ತಿರುಗಿತು, ಮತ್ತೆ ಈ ಕಡೆ ಬಂತು.

"ಕಾಲು ಜೋಮು ಹಿಡದೈತಿ," ಎಂದರು ಮೆಲ್ಲಗೆ.

"ಹಿಡೀಲಿ," ಎಂದರು ಅತ್ತೆಯವರು. "ಕೂಡ್ರಿ."