ಬೇಡ ಅಂದರೂ ಬಂದ ಅಪ್‌ಡೇಟ್

ಗಣಿತದ ಮೇಷ್ಟ್ರಿಗೆ ಜೀವನದಲ್ಲಿ ಎರಡೇ ಹೆಮ್ಮೆ. ಒಂದು, ಇಡೀ ಶಾಲೆಯ ಟೈಮ್‌ಟೇಬಲ್ ಹನ್ನೊಂದು ವರ್ಷದಿಂದ ಅವರ ಕೈಯಲ್ಲೇ ಇರುವುದು. ಇನ್ನೊಂದು, ಮನೆಯ ಕಂಪ್ಯೂಟರ್ ಅವರ ಮಾತು ಕೇಳುವುದು. (ಮನೆಯಲ್ಲಿ ಅವರ ಮಾತು ಕೇಳುವುದು ಅದೊಂದೇ ಎನ್ನುತ್ತಾರೆ, ಅದೇ ಶಾಲೆಯ ವಿಜ್ಞಾನದ ಟೀಚರೂ ಅವರ ಧರ್ಮಪತ್ನಿಯೂ ಆದವರು.)

ಅಪ್‌ಡೇಟ್ ಎಂದರೆ ಸಾಕು, ಮೇಷ್ಟ್ರಿಗೆ ಮೈಯೆಲ್ಲ ಉರಿ. ನನ್ನ ಮನೆ, ನನ್ನ ಮೇಜು, ನನ್ನ ಯಂತ್ರ. ಹೇಳದೆ ಕೇಳದೆ ಒಳಗೆ ನುಗ್ಗೋಕೆ ಆ ಕಂಪನಿಯವರು ಯಾರು? ನಾಲ್ಕು ಕಡೆ ಹುಡುಕಿ ಅದನ್ನು ಬಂದ್ ಮಾಡಿದ್ದರು. 'ನಿಜವಾಗಿಯೂ ಬೇಡವೇ?' ಎಂದು ಕೇಳಿದಲ್ಲೆಲ್ಲ 'ಬೇಡ' ಎಂದು ಗಟ್ಟಿಯಾಗಿ ಒತ್ತಿದ್ದರು.

ಆ ಧೈರ್ಯದ ಮೇಲೆ ಕಂಪ್ಯೂಟರನ್ನು ಹತ್ತೊಂಬತ್ತು ದಿನದಿಂದ ಆರಿಸಿಯೇ ಇರಲಿಲ್ಲ. ಅಷ್ಟು ದಿನದಿಂದ ಅದರಲ್ಲಿ ತಯಾರಿಸುತ್ತಿದ್ದ ಹೊಸ ವರ್ಷದ ಟೈಮ್‌ಟೇಬಲನ್ನು ಸೇವ್ ಕೂಡ ಮಾಡಿರಲಿಲ್ಲ. ಹಿಂದೊಮ್ಮೆ ಅರ್ಧಕ್ಕೇ ಸೇವ್ ಮಾಡಿಟ್ಟದ್ದು ಹೇಗೋ ಪ್ರಿಂಟ್ ಆಗಿ ಗೋಡೆಗೇರಿ, ಏಳನೇ ತರಗತಿಗೆ ಒಂದು ವಾರ ದಿನಕ್ಕೆ ನಾಲ್ಕು ಪೀರಿಯಡ್ ಡ್ರಾಯಿಂಗ್ ನಡೆದಿತ್ತು. ಅಂದಿನಿಂದ ಪೂರ್ತಿ ಮುಗಿಯದೆ ಸೇವ್ ಮಾಡಬಾರದೆಂಬುದು ಮೇಷ್ಟ್ರ ಘೋರ ವ್ರತ. ತಾನಾಗೇ ಸೇವ್ ಆಗುವುದನ್ನೂ ಬಂದ್ ಮಾಡಿದ್ದರು.

ಶಾಲೆ ತೆರೆಯುವ ದಿನ ಬಂತು. ಒಂಬತ್ತಕ್ಕೆ ಟೈಮ್‌ಟೇಬಲ್ ನೋಟಿಸ್ ಬೋರ್ಡಿನಲ್ಲಿ ಇರದಿದ್ದರೆ ಇನ್ನು ಮುಂದೆ ಅದನ್ನು ಮಾಡುವ ಅಧಿಕಾರ ಸಂಗೀತದ ಟೀಚರಿಗೆ ಎಂದು ಹೆಡ್‌ಮಿಸ್ ಖಡಾಖಂಡಿತ ಹೇಳಿದ್ದರು. ಬೆಳಗ್ಗೆ ಆರೂವರೆಗೆ ತುಂಬದೆ ಉಳಿದಿದ್ದು ಒಂದೇ ಒಂದು ಚೌಕ. ಮೇಷ್ಟ್ರು ಗಡ್ಡ ಹೆರೆಯುತ್ತಾ ಅದನ್ನು ಯೋಚಿಸೋಣವೆಂದು ಬಚ್ಚಲಿಗೆ ಹೋದರು. ಒಂದು ಕೆನ್ನೆ ಮುಗಿಸಿ ಬಂದು ನೋಡುತ್ತಾರೆ, ಪರದೆಯೆಲ್ಲ ನೀಲಿ!

'ಅಪ್‌ಡೇಟ್ ಆಗುತ್ತಿದೆ. ದಯವಿಟ್ಟು ಆರಿಸಬೇಡಿ.'

"ಏನೇ! ಏನು ಮುಟ್ಟಿದೆ ನೀನು?"

"ಹಾಲಿನ ಪಾತ್ರೆ ಮುಟ್ಟಿದೆ," ಎಂದು ಅಡುಗೆಮನೆಯಿಂದ ಉತ್ತರ ಬಂತು.

"ನಾಲ್ಕು ಕಡೆ ಬೇಡ ಅಂದಿದ್ದೆ ಕಣೇ! ಇವರ ಇಷ್ಟದಂತೇ ಮಾಡೋದಾದ್ರೆ ನನ್ನನ್ನ ಕೇಳಿದ್ದಾದ್ರೂ ಯಾಕೆ?"

ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಆರಿತು, ಹೊತ್ತಿತು, ಮತ್ತೆ ಆರಿತು. ಕೊನೆಗೆ 'ಎಲ್ಲವೂ ಸಿದ್ಧ! ನಿಮ್ಮ ಅನುಕೂಲಕ್ಕಾಗಿ ನಿಮ್ಮ ಕೆಲವು ಆಯ್ಕೆಗಳನ್ನು ಬದಲಿಸಿದ್ದೇವೆ' ಎಂದು ಹಲ್ಲು ಕಿರಿಯಿತು. ಟೈಮ್‌ಟೇಬಲ್ ಹೇಳಹೆಸರಿಲ್ಲದೆ ಹೋಗಿತ್ತು. ಮೇಷ್ಟ್ರಿಗೆ ಗರ ಬಡಿದಂತಾಯಿತು. ಬಾಯಿ ತೆರೆದರೆ ಸೋಪಿನ ನೊರೆ ಒಳಗೆ ಹೋಯಿತು.

ಹೆಂಡತಿ ಕೈ ಒರೆಸಿಕೊಂಡು ಬಂದರು. "ಏಳಿ ಆ ಕಡೆ. ಮೂರು ವಾರ ಊಟಕ್ಕೆ ಕೂತಾಗೆಲ್ಲ ಅದನ್ನೇ ಓದಿ ಹೇಳಿದ್ದೀರಿ. ನನಗೆ ಬಾಯಿಪಾಠ ಆಗಿದೆ. ನೀವು ಹೋಗಿ ಇನ್ನೊಂದು ಕೆನ್ನೆ ಮುಗಿಸಿ."

ಮೇಷ್ಟ್ರು ಬಚ್ಚಲಿಗೆ ಹೋಗಿ ಇನ್ನೊಂದು ಕೆನ್ನೆಗೆ ಹೊಸದಾಗಿ ನೊರೆ ಬಳಿದುಕೊಂಡರು. ಹೊರಗೆ ಟಪಟಪನೆ ಕೀಬೋರ್ಡಿನ ಸದ್ದು.

"ರೀ, ಶನಿವಾರ ಕೊನೆ ಪೀರಿಯಡ್, ಒಂಬತ್ತನೇ ಬಿ, ನಿಮಗೆ ಹಾಕ್ಲಾ?"

"ಅಯ್ಯೋ ಬೇಡ! ಅವು ಮಕ್ಕಳಲ್ಲ, ರಾಕ್ಷಸರು."

"ಸರಿ. ಊಟ ಆದ ತಕ್ಷಣದ್ದು?"

"ಬೇಡ, ನಿದ್ದೆ ಬರುತ್ತೆ."

"ದಿನಾ ಮೊದಲನೇ ಪೀರಿಯಡ್?"

"ಅದೂ ಬೇಡ! ಹನ್ನೊಂದು ವರ್ಷದಿಂದ ಅದು ನಿಂದೇ ತಾನೇ? ಹೆಂಡತಿಗೆ ಅನುಕೂಲ ಮಾಡ್ಕೊಟ್ಟೆ ಅಂತ ನಾಲ್ಕು ಜನ ಆಡ್ಕೋಬಾರದು ನೋಡು."

"ಸರಿ ರೀ."

ಒಂಬತ್ತಕ್ಕೆ ಐದು ನಿಮಿಷವಿರುವಾಗ ಟೈಮ್‌ಟೇಬಲ್ ಬೋರ್ಡಿಗೇರಿತು. ಡ್ರಾಯಿಂಗ್ ಮೇಷ್ಟ್ರು ಓಡಿಬಂದು ಕೈ ಕುಲುಕಿದರು. ಸಂಗೀತದ ಟೀಚರ ಕಣ್ಣಲ್ಲಿ ಆನಂದಬಾಷ್ಪ. "ಈ ವರ್ಷದ್ದು ಮನುಷ್ಯರು ಮಾಡಿದ ಹಾಗಿದೆ," ಎಂದು ಹೆಡ್‌ಮಿಸ್ ಕೂಡ ತಲೆದೂಗಿದರು. ಮೇಷ್ಟ್ರು ಉಬ್ಬಿಹೋಗಿ, ಕನ್ನಡಕ ಏರಿಸಿ, ತಮ್ಮ ಸಾಲನ್ನು ಮೊದಲ ಸಲ ಓದಿದರು. ದಿನಾ ಮೊದಲನೇ ಪೀರಿಯಡ್. ದಿನಾ ಊಟವಾದ ತಕ್ಷಣದ್ದು. ಶನಿವಾರ ಕೊನೆಗೆ, ಒಂಬತ್ತನೇ ಬಿ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೊದಲ ಪೀರಿಯಡ್ ಬಿಡುವಾಗಿದ್ದ ವಿಜ್ಞಾನದ ಟೀಚರ್ ಕಾಫಿ ಲೋಟ ಹಿಡಿದು ಸ್ಟಾಫ್ ರೂಮಿನತ್ತ ನಿಧಾನವಾಗಿ ಹೊರಟಿದ್ದರು. ಮೇಷ್ಟ್ರಿಗೆ ಶಾಲೆಯೆಂಬುದೂ ಮರೆತುಹೋಯಿತು.

"ಏನೇ ಇದು ಅನ್ಯಾಯ! ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ನಲ್ಲ ರೀ," ಎಂದರು ಆಕೆ. "ಮೂರು ಸಲ ಕೇಳ್ದೆ. ಮೂರು ಸಲವೂ ನೀವು ಬೇಡ ಅಂದ್ರಿ."