ಬಿಸಿಲು ತಾಗದ ಹಸಿರೆಲೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಅಥಣಿ ಕಡೆಯ ಬಾಹುಬಲಿ ಮಾಸ್ತರರು. ಕುಡಚಿ ಸ್ಟೇಷನ್ನಿಗೆ ರೈಲು ಮೂರು ತಾಸು ತಡವಾಗಿ ಬಂದ ದಿನ, ಕಲ್ಲುಬೆಂಚಿನ ಮೇಲೆ ಕುಳಿತು, ತಮ್ಮ ಬಗ್ಗೆ ತಾವೇ ನಗುತ್ತ ಹೇಳಿದರು. ದೇವರ ಮುಂದೆ ನಿಂತು ಹೇಳುತ್ತೇನೆ, ನಾನು ಒಂದು ಮಾತನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಬೀಳಲಿಲ್ಲ.

೧೯೯೪ನೆಯ ಇಸವಿ ಫೆಬ್ರುವರಿ ತಿಂಗಳಲ್ಲಿ ತೆಲಸಂಗದ ಆಚೆಯ ಒಂದು ಊರಿನ ಕಾಲೇಜಿನ ಆಡಳಿತ ಮಂಡಳಿಯು, ಬಿಸಿಲಿನಿಂದ ನಡೆಯುವ ಸಾಧನಕ್ಕೆ ಬಿಸಿಲು ತೋರಿಸಕೂಡದೆಂದು ಸರ್ವಾನುಮತದಿಂದ ಠರಾವು ಮಾಡಿತು.

ಸಾಧನವೆಂದರೆ ದೊಡ್ಡದೇನಲ್ಲ. ಒಂದು ಗಾಜಿನ ಭರಣಿ, ಅದರಲ್ಲಿ ನೀರು, ನೀರಿನಲ್ಲಿ ಹಸಿರು ಪುಡಿ ಲೇಪಿಸಿದ ಅಂಗೈಯಗಲದ ಗಾಜಿನ ಹಲಗೆ. ಗಿಡದ ಎಲೆ ಬಿಸಿಲು ಕುಡಿದು ನೀರನ್ನು ಒಡೆಯುತ್ತದಲ್ಲ, ಅದೇ ಕೆಲಸವನ್ನು ಗಿಡವಿಲ್ಲದೆ ಮಾಡಿಸುವ ಪುಡಿ ಅದು. ಅದಕ್ಕೇ ಆ ಹಲಗೆಗೆ ಕಾಲೇಜಿನಲ್ಲೆಲ್ಲ ‘ಎಲೆ’ ಎಂದೇ ಹೆಸರು. ಬಾಹುಬಲಿ ಮಾಸ್ತರರು ಕಾಲೇಜಿನ ರಸಾಯನಶಾಸ್ತ್ರದ ಕೋಣೆಯಲ್ಲಿ ಆರು ವರ್ಷ ಅರೆದು, ಸೋಸಿ, ಸುಟ್ಟು, ಹದಿನೇಳನೆಯ ಪುಡಿಯಲ್ಲಿ ಗೆದ್ದಿದ್ದರು. ಬಿಸಿಲಿಗಿಟ್ಟರೆ ಹಲಗೆಯ ಮೈತುಂಬ ಸಾಸಿವೆಕಾಳಿನಂಥ ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆಯೊಳಗೆ ಉರಿಯುವ ಅನಿಲ.

ಆದರೆ ಮಾಸ್ತರರು ಹಂಗಾಮಿ ನೌಕರರು. ಪ್ರತಿ ಏಪ್ರಿಲ್ಲಿನಲ್ಲಿ ಅವರನ್ನು ತೆಗೆದ ಪತ್ರ ಬರುವುದು, ಜೂನ್‌ನಲ್ಲಿ ಮತ್ತೆ ತೆಗೆದುಕೊಂಡ ಪತ್ರ. ಹೀಗೆ ಏಳು ವರ್ಷ. ಈ ಸಲ ಒಂದು ಕಾಯಂ ಜಾಗ ಬಂದಿತ್ತು. ಅವರ ಸಂಶೋಧನೆ ನಲವತ್ತು ದಿನ ಕೆಡದೆ ಉಳಿಯಿತೆಂದು ಮಂಡಳಿ ಬರೆದುಕೊಡಬೇಕು, ಶಿಕ್ಷಣ ಖಾತೆಯ ಬೆಳಗಾವಿಯ ಸಾಹೇಬರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಅಷ್ಟಾದರೆ ನೌಕರಿ ಪಕ್ಕಾ.

ಮಂಡಳಿಯ ಅಧ್ಯಕ್ಷರು ಬಾಪುಸಾಹೇಬರು, ಹನ್ನೆರಡು ಎಕರೆ ದ್ರಾಕ್ಷಿ ತೋಟದವರು. ಕಾರ್ಯದರ್ಶಿ ಕಾಕಾಸಾಹೇಬರು ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರಿ. ಮಣೂಕ ಅಂಗೈಯಲ್ಲಿ ಹಿಡಿದರೆ ಸಾಕು, ಯಾವ ತೋಟದ್ದು, ಎಷ್ಟು ದಿನ ಒಣಗಿದ್ದು ಎಂದು ಹೇಳುವಂಥ ಕಣ್ಣು ಅವರದು. ಹಸಿರು ಉಳಿದರೆ ಒಂದನೇ ನಂಬರು ಮಾಲು, ಬಿಸಿಲು ಬಡಿದು ಕಂದಿದರೆ ಮೂರನೇ ನಂಬರು.

ಮೊದಲ ದಿನ ಭರಣಿಯನ್ನು ಮಾಳಿಗೆಯ ಮೇಲಿಟ್ಟರು. ಗುಳ್ಳೆ ಎದ್ದವು. ಮಾಸ್ತರರ ಎದೆ ಉಬ್ಬಿತು. ಕಾಕಾಸಾಹೇಬರು ಬಗ್ಗಿ ನೋಡಿದರು, ಮೂಸಿದರು, ಅಧ್ಯಕ್ಷರ ಕಡೆ ತಿರುಗಿದರು.

“ಅಣ್ಣಾರ, ಗುಳ್ಳಿ ಬರಾಕತ್ತೈತಿ.”

“ಬರ್ಲೇಬೇಕಲ್ರಿ, ಅದ ಅದರ ಕೆಲಸ!” ಎಂದರು ಮಾಸ್ತರರು.

“ದ್ರಾಕ್ಷಿ ರಸಕ್ಕ ಗುಳ್ಳಿ ಬಂತಂದ್ರ ಏನಾಕೈತಿ ಮಾಸ್ತರ? ಹುಳಿ ಬರ್ತೈತಿ. ಹುಳಿ ಬಂದದ್ದು ಸೆರಿ, ದಾರೂ ಆಕೈತಿ. ನಮ್ಮದು ಧರ್ಮದ ಸಂಸ್ಥಾ.”

“ಇದು ದ್ರಾಕ್ಷಿ ಅಲ್ರಿ ಸಾವಕಾರ್ರ, ಬರೇ ನೀರು.”

“ನೀರು ಇದ್ದಾಗ ಇಷ್ಟು, ಇನ್ನ ರಸ ಇದ್ದಿದ್ರ?” ಎಂದರು ಬಾಪುಸಾಹೇಬರು.

ಐದನೆಯ ದಿನ ಹಲಗೆಯ ಅಂಚು ಕೂದಲೆಳೆಯಷ್ಟು ಹಳದಿಯಾಯಿತು. ಕಾಕಾಸಾಹೇಬರು “ಮಾಲು ಕೆಡಾಕತ್ತು” ಎಂದು ಘೋಷಿಸಿದರು. ಸಂಜೆಯೊಳಗೆ ಸಭೆ ಸೇರಿತು, ಠರಾವು ಪಾಸಾಯಿತು. ಭರಣಿಯನ್ನು ಅಧ್ಯಕ್ಷರ, ಮಣೂಕವನ್ನು ನೆರಳಲ್ಲಿ ಒಣಗಿಸುವ ಶೆಡ್ಡಿನಲ್ಲಿ ಮೂರನೆಯ ಜಾಳಿಗೆಯ ಅಟ್ಟದ ಮೇಲೆ, ನಾಲ್ಕೂ ಕಡೆ ಪರದೆ ಕಟ್ಟಿ ಇಡತಕ್ಕದ್ದು. ಎಲೆಗೆ ಬಿಸಿಲು ತಾಗಿದಲ್ಲಿ ಸಂಬಂಧಪಟ್ಟ ಉಪನ್ಯಾಸಕರೇ ಜವಾಬ್ದಾರರು. ಗುಳ್ಳೆ ಕಂಡುಬಂದಲ್ಲಿ ಕೂಡಲೇ ಲಿಖಿತವಾಗಿ ವರದಿ ಮಾಡತಕ್ಕದ್ದು.

“ಬಿಸಿಲಿಲ್ದ ಅದು ಕೆಲಸ ಮಾಡೂದಿಲ್ರಿ ಅಣ್ಣಾರ,” ಎಂದರು ಮಾಸ್ತರರು ಅಧ್ಯಕ್ಷರಿಗೆ.

“ಕೆಲಸ ಆಮ್ಯಾಲ ನೋಡೂಣು. ಮದಲ ಬಣ್ಣ ಉಳೀಲಿ. ನೀವೂ ಫ್ಯಾನಿನ ಕೆಳಗ ಕುಂತಽ ಪಾಠಾ ಮಾಡ್ತೀರಿ. ನಿಮ್ಮನ್ನ ಯಾರರ ಬಿಸಿಲಾಗ ನಿಲ್ಲಿಸ್ಯಾರೇನು?”

ಮನೆಯಲ್ಲಿ ಹೆಂಡತಿ ರಾಜಮತಿ ಎಲ್ಲ ಕೇಳಿಸಿಕೊಂಡಳು. “ಗುಳ್ಳಿ ನಿಂತ್ರ ನೌಕರಿ ಪಕ್ಕಾ ಆಕೈತೇನ್ರಿ?”

“ಹೂಂ.”

“ಮತ್ತ ನಿಂದ್ರಲಿ ಬಿಡ್ರಿ. ಗುಳ್ಳಿ ನಮ್ಮ ಮನ್ಯಾಗ ಹಪ್ಪಳ ಕರದ್ರೂ ಬರ್ತಾವು. ಏಪ್ರಿಲ್ ಬಂತಂದ್ರ ಗಂಡಗ ನೌಕರಿ ಐತೋ ಇಲ್ಲೋ ಅಂತ ನೆರಿಮನಿಯವ್ರು ಕೇಳ್ತಾರ. ನಾ ಏನಂತ ಹೇಳ್ಲಿ, ರಜಾ ಅಂತ ಎಷ್ಟ ವರ್ಷ ಹೇಳ್ಲಿ?”

ಮಾಸ್ತರರಿಗೆ ಅದು ನಾಟಿತು. ಆದರೂ ಮನುಷ್ಯನ ಮನಸ್ಸು. ಹದಿನೆಂಟನೆಯ ದಿನ ನಡುಮಧ್ಯಾಹ್ನ ಶೆಡ್ಡಿಗೆ ಹೋಗಿ ಪರದೆಯನ್ನು ಗೇಣಷ್ಟು ಸರಿಸಿದರು. ಬಿಸಿಲು ಒಳಗೆ ಬಿತ್ತು. ಹಲಗೆ ಮೈಮುರಿದು ಎದ್ದಂತೆ ಒಂದು ಗುಳ್ಳೆ ಬಿಟ್ಟಿತು, ಎರಡು ಬಿಟ್ಟಿತು, ಆಮೇಲೆ ಎಣಿಸಲಾಗಲಿಲ್ಲ. ಮಾಸ್ತರರ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ತಿರುಗಿದರೆ ಹಿಂದೆ ಕಾಕಾಸಾಹೇಬರು.

ಮರುದಿನವೇ ನೋಟೀಸು ಬಂತು. “ತಾವು ದಿನಾಂಕ ೨೮ರಂದು ಮಧ್ಯಾಹ್ನ ೧೨-೪೦ಕ್ಕೆ ಮಂಡಳಿಯ ಪೂರ್ವಾನುಮತಿ ಇಲ್ಲದೆ ಎಲೆಗೆ ಬಿಸಿಲು ಕುಡಿಸಿ, ಅದು ಕಾರ್ಯ ನಿರ್ವಹಿಸುವಂತೆ ಪ್ರಚೋದಿಸಿದ್ದು ಕಂಡುಬಂದಿರುತ್ತದೆ. ತಮ್ಮ ಹೆಸರನ್ನು ಕಾಯಂ ಜಾಗಕ್ಕೆ ಏಕೆ ಪರಿಗಣಿಸಬೇಕೆಂಬುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.”

ಮಾಸ್ತರರು ಉತ್ತರವನ್ನು ನಾಲ್ಕು ಸಲ ಬರೆದರು. ಮೊದಲನೆಯದರಲ್ಲಿ ಮೂರು ಪುಟ ವಿಜ್ಞಾನವಿತ್ತು. ಎರಡನೆಯದರಲ್ಲಿ ಒಂದು ಪುಟ ಉಳಿಯಿತು. ಮೂರನೆಯದರಲ್ಲಿ ಸೂರ್ಯನ ಹೆಸರನ್ನು ಹೊಡೆದುಹಾಕಿದರು. ನಾಲ್ಕನೆಯದರಲ್ಲಿ, “ಗುಳ್ಳೆಗಳು ನನ್ನ ಅಜಾಗರೂಕತೆಯಿಂದ ಎದ್ದಿರುತ್ತವೆ, ಮುಂದೆ ಏಳುವುದಿಲ್ಲ” ಎಂದಷ್ಟೇ ಇತ್ತು. ಮಂಡಳಿ ಅದನ್ನು ಸಂತೋಷದಿಂದ ಸ್ವೀಕರಿಸಿತು.

ನಲವತ್ತನೆಯ ದಿನ ಬೆಳಗಾವಿಯ ಸಾಹೇಬರು ಬಂದರು. ದ್ರಾಕ್ಷಿ ತಿಂದರು, ಚಹಾ ಕುಡಿದರು, ಶೆಡ್ಡಿನ ಪರದೆ ಎತ್ತಿ ಒಳಗೆ ಹೋದರು. ಕತ್ತಲಿತ್ತು, ಬ್ಯಾಟರಿ ಹಾಕಿ ನೋಡಿದರು.

“ಇದು ಏನು ಮಾಡುತ್ತದೆ?”

“ಏನೂ ಮಾಡೂದಿಲ್ರಿ ಸಾಹೇಬ್ರ,” ಎಂದರು ಬಾಪುಸಾಹೇಬರು ಹೆಮ್ಮೆಯಿಂದ. “ಬರೋಬರಿ ಇಪ್ಪತ್ತೆರಡು ದಿನಾ ಆತು, ಒಂದಽ ಒಂದು ಗುಳ್ಳಿ ಎದ್ದಿಲ್ಲ.”

ಸಾಹೇಬರು ಮಾಸ್ತರರ ಕಡೆ ತಿರುಗಿದರು. “ನೀವು ಮಾಡಿದ್ದಲ್ಲವೇ? ನೀವೇ ಹೇಳಿ.”

ಆ ಗಳಿಗೆಯಲ್ಲಿ ಆರು ವರ್ಷ ಅರೆದ ಕೈ ಪರದೆಯ ತನಕ ಹೋಯಿತು. ಒಂದು ಗೇಣು ಸರಿಸಿದ್ದರೆ ಸಾಕಿತ್ತು. ಶೆಡ್ಡಿನ ಹೊರಗೆ ರಾಜಮತಿ, ಪೇಢೆಯ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಮಾಸ್ತರರು ಪರದೆ ಹಿಡಿದು, ಇದ್ದ ಸಂದನ್ನೂ ಎಳೆದು ಮುಚ್ಚಿದರು.

“ಬಣ್ಣ ಒಂದನೇ ನಂಬರು ಐತ್ರಿ ಸರ್.”

ಸಾಹೇಬರಿಗೆ ಬಹಳ ಸಮಾಧಾನವಾಯಿತು. ಏನೂ ಮಾಡದೆ ಇಷ್ಟು ಚೆನ್ನಾಗಿ ಉಳಿದ ಯೋಜನೆಯನ್ನು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲವೆಂದು ಷರಾ ಬರೆದು ಸಹಿ ಹಾಕಿದರು. ಮಾಸ್ತರರು ಕಾಯಂ ಆದರು. ಊರಿಗೆಲ್ಲ ಪೇಢೆ ಹಂಚಿದರು.

ಮುಂದಿನ ವರ್ಷದಿಂದ ಆ ಕಾಲೇಜಿನಲ್ಲಿ ಒಂದು ಸುತ್ತೋಲೆ ಜಾರಿಯಲ್ಲಿದೆ. ಗಿಡದ ಎಲೆಗೆ ಬಿಸಿಲು ಬೇಕು, ಕಾಲೇಜಿನ ಎಲೆಗೆ ನೆರಳು ಬೇಕು; ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಪೂರ್ತಿ ಅಂಕ. ಹುಡುಗರು ತಕರಾರು ಮಾಡಿಲ್ಲ. ಪಾಲಕರಿಗೂ ಒಪ್ಪಿಗೆ. ಸುತ್ತೋಲೆಯ ಕೆಳಗಿನ ಸಹಿ ಬಾಹುಬಲಿ ಮಾಸ್ತರರದು, ಅಕ್ಷರ ಬಹಳ ದುಂಡಗೆ.

ಓದಿದವರು ದಯಮಾಡಿ ಇದನ್ನು ಇನ್ನೊಬ್ಬರಿಗೆ ಹೇಳಬೇಕು. ಹೇಳುವಾಗ ಮಾಸ್ತರರ ಹೆಸರನ್ನು ಮಾತ್ರ ಮರೆಮಾಚಬೇಡಿ. ರೈಲು ಹತ್ತುವಾಗ ಅವರೇ ಕೈಮುಗಿದು ಕೇಳಿಕೊಂಡಿದ್ದಾರೆ.